ಜನ್ನಾಪುರಕ್ಕೆ ಅಳತೆ ತೆಗೆಯಲು ಹೋದ ದಿನ

ಶಿವಮೊಗ್ಗದ ದುರ್ಗಿಗುಡಿಯಿಂದ ನಾವು ಹೊರಟಾಗ ಬೆಳಗಿನ ಆರು ಗಂಟೆ. ಕೊರೊನಾ ಎರಡನೇ ಅಲೆಯ ಲಾಕ್‌ಡೌನ್ ಕಾಲ ಅದು. ಹಾಲು, ತರಕಾರಿ, ದಿನಸಿಗೆಂದು ಜನ ಹೊರಗೆ ಬರಲು ಹತ್ತು ಗಂಟೆಯವರೆಗೆ ಮಾತ್ರ ಅವಕಾಶವಿತ್ತು. ಅಷ್ಟರೊಳಗೆ ಭದ್ರಾವತಿಯ ಜನ್ನಾಪುರದಿಂದ ಲತಾ ಎಂಬ ಹೆಣ್ಣುಮಗಳನ್ನೂ ಆಕೆಯ ಮೂರು ವರ್ಷದ ಮಗಳನ್ನೂ ಕರೆತಂದು ಶಿವಮೊಗ್ಗದ ಆಶ್ರಯ ಕೇಂದ್ರಕ್ಕೆ ಸೇರಿಸಬೇಕಿತ್ತು. ಲತಾ ಎಂಬುದು ನಾನು ಇಟ್ಟ ಹೆಸರು. ಈ ಬರಹದಲ್ಲಿ ಯಾರ ಹೆಸರೂ ನಿಜವಲ್ಲ.

ಕರೆತರಲು ಹೊರಟವರು ವನಜಕ್ಕ. ಗಂಡನ ಮನೆಯಲ್ಲಿ ಹೊಡೆತ ತಿನ್ನುವ ಹೆಂಗಸರಿಗೆ ನೆರವಾಗುವ ಒಂದು ಸಣ್ಣ ಕೇಂದ್ರದಲ್ಲಿ ಆಪ್ತಸಮಾಲೋಚಕಿ. ನಾನು ಆಗ ಜಿಲ್ಲಾ ಪತ್ರಿಕೆಯೊಂದರ ವರದಿಗಾರಿಕೆಯಲ್ಲಿದ್ದೆ. ಜೊತೆಗೆ ಬರುತ್ತೇನೆಂದು ಕೇಳಿದಾಗ ವನಜಕ್ಕ ಒಂದು ಷರತ್ತು ಹಾಕಿದ್ದರು. "ಪೆನ್ನು, ಕ್ಯಾಮೆರಾ ಎರಡೂ ಬ್ಯಾಗಲ್ಲೇ ಇರ್ಲಿ. ಯಾರಾದ್ರೂ ಕೇಳಿದ್ರೆ ನಮ್ಮ ಸಂಬಂಧಿಕರು ಅಂತೀನಿ." ಬಸ್ಸುಗಳಿರಲಿಲ್ಲ. ಬಾಡಿಗೆಯ ಓಮ್ನಿ, ಓಡಿಸಲು ಫಯಾಜ್. ಶಾಲೆಗಳು ಮುಚ್ಚುವ ಮುನ್ನ ಇದೇ ಗಾಡಿಯಲ್ಲಿ ಆತ ಮಕ್ಕಳನ್ನು ಶಾಲೆಗೆ ಬಿಡುತ್ತಿದ್ದ. ಹಿಂದಿನ ಗಾಜಿಗೆ ಯಾರೋ ಅಂಟಿಸಿದ ಕಾರ್ಟೂನ್ ಚಿತ್ರ ಇನ್ನೂ ಹಾಗೇ ಇತ್ತು.

ಭದ್ರಾವತಿಗೆ ಇಪ್ಪತ್ತು ಕಿಲೋಮೀಟರಿಗಿಂತ ಕಡಿಮೆ ದಾರಿ. ಖಾಲಿ ಹೆದ್ದಾರಿಯಲ್ಲಿ ಫಯಾಜ್ ನಿಧಾನವಾಗಿಯೇ ಹೋದ. ಬೇಗ ತಲುಪಿದರೆ ಜನ್ನಾಪುರದ ರಸ್ತೆಯಲ್ಲಿ ಕಾಯುತ್ತ ನಿಲ್ಲಬೇಕಾಗುತ್ತದೆ, ನಿಂತ ಗಾಡಿ ಎಲ್ಲರ ಕಣ್ಣಿಗೂ ಬೀಳುತ್ತದೆ ಎಂದು ವನಜಕ್ಕ ಹೇಳಿದ್ದರು. ಸೋಗಾನೆಯ ಕಡೆ ತಿರುಗುವ ದಾರಿಯ ಬಳಿ ಮಣ್ಣಿನ ಲಾರಿಗಳು ಸಾಲಾಗಿ ನಿಂತಿದ್ದವು. ವಿಮಾನ ನಿಲ್ದಾಣದ ಕೆಲಸ ಆಗಿನ್ನೂ ನಡೆಯುತ್ತಿತ್ತು. ಮೋಡ ಕವಿದಿತ್ತು, ಗಾಳಿಯಿರಲಿಲ್ಲ. ವನಜಕ್ಕ ಡಬ್ಬಿ ಬಿಚ್ಚಿ ಅಕ್ಕಿರೊಟ್ಟಿ, ಕಾಯಿಚಟ್ನಿ ಹಂಚಿದರು. ಮಾಸ್ಕ್ ಗಲ್ಲಕ್ಕಿಳಿಸಿ ತಿಂದೆವು.

ಅವರ ಕೇಂದ್ರದ ಕೆಲಸದ ರೀತಿ ನನಗೆ ಗೊತ್ತಾದದ್ದು ಆ ದಾರಿಯಲ್ಲಿ. ಮೊದಲ ಲಾಕ್‌ಡೌನ್ ಆರಂಭವಾದಾಗ ಕೇಂದ್ರಕ್ಕೆ ಬರುವ ಫೋನ್ ಕರೆಗಳು ಇದ್ದಕ್ಕಿದ್ದಂತೆ ಕಡಿಮೆಯಾದವಂತೆ. ಮನೆಗಳಲ್ಲಿ ಜಗಳ ನಿಂತಿತೆಂದು ಯಾರೂ ಭಾವಿಸಲಿಲ್ಲ. ಗಂಡ ಇಡೀ ದಿನ ಮನೆಯಲ್ಲೇ ಇರುವಾಗ ಫೋನ್ ಮಾಡುವುದು ಹೇಗೆ? ಲತಾಳ ಬಳಿ ಸ್ವಂತ ಫೋನೇ ಇರಲಿಲ್ಲ. ಕಾರ್ಖಾನೆಯೊಂದರ ಗುತ್ತಿಗೆ ಕೆಲಸ ನಿಂತು ಮನೆಯಲ್ಲಿ ಕೂತಿದ್ದ ಗಂಡನ ಫೋನಿನಿಂದಲೇ, ಅವನೆದುರೇ, ಸ್ಪೀಕರ್ ಹಾಕಿ ಮಾತಾಡಬೇಕಿತ್ತು. ಆಗ ವನಜಕ್ಕ ಟೈಲರ್ ಆದರು.

"ಗಂಡಸ್ರು ಕಿವಿ ಕೊಡದೆ ಇರೋ ಮಾತು ಯಾವ್ದು ಹೇಳಿ? ಬ್ಲೌಸ್ ಮಾತು. ಎರಡು ನಿಮಿಷ ಕೇಳಿ ಎದ್ದು ಹೋಗ್ತಾರೆ" ಎಂದರು ಅವರು.

ಎರಡು ಲಾಕ್‌ಡೌನ್‌ಗಳ ನಡುವೆ ಲತಾ ಒಮ್ಮೆ ಕೇಂದ್ರಕ್ಕೆ ಬಂದಿದ್ದಾಗಲೇ ಗುಟ್ಟಿನ ಮಾತುಗಳನ್ನು ಹೇಳಿಕೊಟ್ಟಿದ್ದರಂತೆ. ತೋಳು ಉದ್ದ ಇಡಲಾ, ಗಿಡ್ಡ ಸಾಕಾ ಎಂದು ಇವರು ಕೇಳುವುದು. ಉದ್ದ ಇಡಿ ಎಂದರೆ ಹೊಡೆದಿದ್ದಾನೆ ಎಂದು ಅರ್ಥ. ಅರ್ಜೆಂಟ್ ಎಂದರೆ ಪೊಲೀಸರನ್ನು ಕಳಿಸಬೇಕು. ಕೇಂದ್ರದವರು ತಾವಾಗಿ ಎಂದೂ ಆ ನಂಬರಿಗೆ ಫೋನ್ ಮಾಡುವಂತಿರಲಿಲ್ಲ. ಕರೆ ಬರುವವರೆಗೆ ಕಾಯಬೇಕು. ಈಗ ಆ ಪದ್ಧತಿ ಬಿಟ್ಟಿದ್ದಾರೆ, ಹಾಗಾಗಿ ಬರೆಯಲು ಅಡ್ಡಿಯಿಲ್ಲ.

ಉಪಾಯ ಎಷ್ಟು ಚೆನ್ನಾಗಿ ನಡೆಯಿತೆಂದರೆ ಲತಾಳ ಅತ್ತೆ ತಮಗೂ ಒಂದು ಬ್ಲೌಸ್ ಹೊಲಿಸಿಕೊಂಡಿದ್ದರು. ಆಶ್ರಯ ಕೇಂದ್ರದಲ್ಲಿದ್ದ ಒಬ್ಬಾಕೆ ಅದನ್ನು ಹೊಲಿದುಕೊಟ್ಟಿದ್ದಳು. ಮುಟ್ಟಿಸಿದ ಮರುದಿನವೇ ಅತ್ತೆ ಫೋನಿನಲ್ಲಿ ವನಜಕ್ಕನನ್ನು ಬೈದರಂತೆ. "ಏನ್ರೀ ಇದು, ಕಂಕುಳಲ್ಲಿ ಹಿಡಿಯುತ್ತೆ! ಯಾರ್ರೀ ನಿಮಗೆ ಕಲ್ಸಿದ್ದು?"

"ನಮ್ಮನೇಲೂ ಕೇಳ್ತಿದ್ಳು ಅಕ್ಕಾ, ಟೈಲರ್ ಅಂತೀರಲ್ಲ, ಒಂದು ಕಮೀಜ್ ಹೊಲಿದು ಕೊಡ್ತಾರಾ ಅಂತ" ಎಂದ ಫಯಾಜ್.

"ನಂಗೆ ಗುಂಡಿ ಹಾಕೋಕೂ ಬರಲ್ಲ ಮಾರಾಯ. ಮುಂದೆ ನೋಡಿ ಓಡ್ಸು."

ಊರಿಗೆ ಮುಂಚೆ ಬ್ಯಾರಿಕೇಡ್ ಹಾಕಿದ್ದರು. ಕಾನ್‌ಸ್ಟೆಬಲ್ ಒಬ್ಬರು ನಮ್ಮ ಓಡಾಟದ ಪಾಸ್ ತೆಗೆದುಕೊಂಡು ದೂರ ಹಿಡಿದು ಓದಿದರು. "ಮಹಿಳಾ ಸಹಾಯ… ಗಂಡ ಹೆಂಡ್ತಿ ಜಗಳದ್ದಾ? ಜನ ಸಾಯ್ತಿರೋ ಟೈಮಲ್ಲೂ ಜಗಳ ಆಡ್ತಾರಾ ಮಾರಾಯ್ರೆ?"

"ಈಗ್ಲೇ ಜಾಸ್ತಿ ಸಾರ್. ಹೊರಗೆ ಬಂದ್ರೆ ನೀವು ಹೊಡೀತೀರಿ, ಒಳಗಿದ್ರೆ ಅವರು ಹೊಡೀತಾರೆ" ಎಂದರು ವನಜಕ್ಕ. ಕಾನ್‌ಸ್ಟೆಬಲ್ ನಗಲಿಲ್ಲ. ಪಾಸ್ ವಾಪಸ್ ಕೊಟ್ಟು ಬ್ಯಾರಿಕೇಡ್ ಸರಿಸಿದರು.

ಭದ್ರಾ ಸೇತುವೆ ದಾಟಿದಾಗ ಊರು ಎದ್ದಿತ್ತು. ಕೈಚೀಲ ಹಿಡಿದವರ ಗಡಿಬಿಡಿ, ತರಕಾರಿ ಗಾಡಿಗಳ ಸುತ್ತ ಗುಂಪು. ಕನ್ನಡದ ಮಧ್ಯೆ ತಮಿಳಿನಲ್ಲಿ ಯಾರೋ ಬೀನ್ಸಿನ ಬೆಲೆಗೆ ಜಗಳ ತೆಗೆದಿದ್ದರು. ಜನ್ನಾಪುರದ ಹಾಲಿನ ಬೂತಿನ ಪಕ್ಕ ಫಯಾಜ್ ಗಾಡಿ ನಿಲ್ಲಿಸಿದ. ಲತಾ ಆಗಲೇ ಅಲ್ಲಿದ್ದಳು. ತರಕಾರಿ ಚೀಲ, ಸೊಂಟದ ಮೇಲೆ ಮಗಳು. ಇಪ್ಪತ್ತಾರು ಇಪ್ಪತ್ತೇಳರ ವಯಸ್ಸು, ಮೊಣಕೈ ದಾಟಿದ ತೋಳಿನ ಬ್ಲೌಸ್. ಬಟ್ಟೆಬರೆ ಏನೂ ತರಬಾರದು, ಅಂಗಡಿಗೆ ಹೋದಂತೆ ಬರಬೇಕು ಎಂಬುದು ವನಜಕ್ಕನ ನಿಯಮ. ಟೈಲರ್ ಅಳತೆ ತೆಗೆಯಲು ಜನ್ನಾಪುರಕ್ಕೆ ಬರುತ್ತಾರೆ ಎಂಬ ವಿಷಯ ಗಂಡನಿಗೂ ಗೊತ್ತಿತ್ತು. ಸ್ಪೀಕರಿನಲ್ಲಿ ಅವನೇ ಕೇಳಿಸಿಕೊಂಡಿದ್ದ.

ಆಕೆ ಗಾಡಿ ಹತ್ತಿ ಬಾಗಿಲು ಎಳೆದುಕೊಂಡಳು. ಮೊದಲು ಕೇಳಿದ್ದು ತವರಿನ ಬಗ್ಗೆ. "ಕುಂಸಿಗೆ ಫೋನ್ ಮಾಡಿದ್ರಾ ಅಕ್ಕ? ಅಣ್ಣ ಏನಂದ?"

"ಊರಿನವ್ರು ರಸ್ತೆಗೆ ಮುಳ್ಳು ಹಾಕಿದಾರಂತೆ. ಹೊರಗಿಂದ ಯಾರನ್ನೂ ಬಿಡಲ್ವಂತೆ."

"ಮುಳ್ಳು ತೆಗೀಬಹುದಲ್ಲ" ಎಂದಳು ಲತಾ. ಮತ್ತೆ ಅಣ್ಣನ ಮಾತೆತ್ತಲಿಲ್ಲ.

ಇನ್ನುಳಿದದ್ದು ಆಶ್ರಯ ಕೇಂದ್ರ. ಅಲ್ಲಿ ಆಗಲೇ ಹತ್ತಾರು ಹೆಂಗಸರು, ಮಕ್ಕಳು ಇದ್ದರು. ಕೊರೊನಾ ಇಲ್ಲವೆಂಬ ವರದಿಯಿಲ್ಲದೆ ಹೊಸಬರನ್ನು ಒಳಗೆ ಸೇರಿಸುತ್ತಿರಲಿಲ್ಲ. ಅದು ತಪ್ಪೆಂದು ಹೇಳುವಂತಿಲ್ಲ. ಒಬ್ಬರಿಗೆ ಬಂದರೆ ಎಲ್ಲರಿಗೂ ಹರಡುತ್ತಿತ್ತು. ಅರ್ಧ ಗಂಟೆಯಲ್ಲಿ ಫಲಿತಾಂಶ ಕೊಡುವ ಪರೀಕ್ಷೆ ಹತ್ತಿರದ ಶಾಲೆಯೊಂದರಲ್ಲಿ ನಡೆಯುತ್ತಿತ್ತು. ಅಲ್ಲಿಗೆ ಹೋದೆವು.

ಶಾಲೆಯ ಅಂಗಳದಲ್ಲಿ ಸುಣ್ಣದಿಂದ ವೃತ್ತಗಳನ್ನು ಬರೆದಿದ್ದರು. ಒಂದು ವೃತ್ತಕ್ಕೆ ಒಬ್ಬರು. ಜೊತೆಗೆ ಬಂದವರು ಗೇಟಿನ ಬಳಿಯೇ ನಿಲ್ಲಬೇಕು. ಹೊಸ ಜಾಗಕ್ಕೆ ಕರೆದೊಯ್ದಾಗ ಹೆಂಗಸರ ಪಕ್ಕ ಬಿಟ್ಟು ಕದಲುವವರಲ್ಲ ವನಜಕ್ಕ. ಅಂದು ಅವರೂ ಗೇಟಿನಲ್ಲಿ ನಿಂತರು. ಮಗು ಅವರ ಕೈ ಹಿಡಿದುಕೊಂಡು ಓಮ್ನಿಯ ಗಾಜಿನ ಮೇಲಿನ ಚಿತ್ರ ಯಾರದೆಂದು ಕೇಳುತ್ತಿತ್ತು. ಲತಾ ವೃತ್ತದಿಂದ ವೃತ್ತಕ್ಕೆ ಸರಿಯುತ್ತ ಮೇಜಿನ ತನಕ ಹೋದಳು. ಬಿಳಿ ಸೂಟಿನಲ್ಲಿದ್ದ ಸಿಬ್ಬಂದಿ ಏನೋ ಕೇಳಿದರು, ಇವಳು ಆಧಾರ್ ಕಾರ್ಡ್ ತೋರಿಸಿ ಏನೋ ಹೇಳಿದಳು. ನಮಗೆ ಕೇಳಿಸಲಿಲ್ಲ. ಮೂಗಿನಿಂದ ಸ್ಯಾಂಪಲ್ ತೆಗೆದ ಮೇಲೆ ಕಣ್ಣೊರೆಸಿಕೊಳ್ಳುತ್ತ ಬಂದಳು.

"ಅರ್ಧ ಗಂಟೆ ಅಂತೆ. ಹೆಸರು ಬರ್ಕೊಂಡ ತಕ್ಷಣ ಮೆಸೇಜೂ ಹೋಗುತ್ತಂತೆ" ಎಂದಳು.

ವನಜಕ್ಕ ಅವಳನ್ನೇ ನೋಡಿದರು. "ಯಾವ ನಂಬರ್ ಕೊಟ್ಟೆ?"

ಕೊಟ್ಟದ್ದು ಗಂಡನ ನಂಬರ್. ರೇಷನ್ ಅಂಗಡಿಯಲ್ಲಿ, ಗ್ಯಾಸ್ ಬುಕ್ ಮಾಡುವಾಗ, ಮಗುವಿನ ಲಸಿಕೆಗೆ ಹೋದಾಗ, ನಂಬರ್ ಕೇಳಿದಲ್ಲೆಲ್ಲ ಆಕೆ ಅದೊಂದನ್ನೇ ಹೇಳುತ್ತ ಬಂದಿದ್ದಳು. ಬಾಯಿಗೆ ಬರುತ್ತಿದ್ದ ನಂಬರ್ ಅದೊಂದೇ. ತೋಳಿನ ಉದ್ದ, ಅರ್ಜೆಂಟ್, ಬರಿಗೈಯಲ್ಲಿ ಬರುವುದು ಎಲ್ಲವನ್ನೂ ಹೇಳಿಕೊಟ್ಟಿದ್ದ ವನಜಕ್ಕ, ಮೇಜಿನ ಬಳಿ ತಮ್ಮ ನಂಬರ್ ಹೇಳು ಎಂದು ಹೇಳಿರಲಿಲ್ಲ. ಪಕ್ಕದಲ್ಲಿ ತಾವೇ ಇರುತ್ತೇವೆಂದು ಭಾವಿಸಿದ್ದರು.

"ಹತ್ತು, ಹತ್ತು ಗಾಡಿ" ಎಂದರು. ಕೂಡಲೇ ತಾವೇ ತಡೆದರು. ವರದಿಯಿಲ್ಲದೆ ಶಿವಮೊಗ್ಗಕ್ಕೆ ಹೋದರೆ ಬಾಗಿಲು ತೆಗೆಯುವುದಿಲ್ಲ. ಅಲ್ಲಿ ಬೇರೆ ಕಡೆ ಪರೀಕ್ಷೆ ಮಾಡಿಸುವಷ್ಟರಲ್ಲಿ ಹತ್ತು ಗಂಟೆ ಮೀರುತ್ತದೆ. ಆ ಯೋಚನೆ ಮುಗಿಯುವ ಮುಂಚೆಯೇ ಸ್ಕೂಟರೊಂದು ಗೇಟಿನ ಬಳಿ ಬಂದು ನಿಂತಿತು.

ಮೊದಲು ಗುರುತಿಸಿದ್ದು ಮಗು. "ಅಪ್ಪಾ!" ಎಂದು ವನಜಕ್ಕನ ಕೈ ಬಿಡಿಸಿಕೊಂಡು ಓಡಿತು. ಅವನು ಬಗ್ಗಿ ಎತ್ತಿಕೊಂಡು, ಮುತ್ತು ಕೊಟ್ಟು, ಸ್ಕೂಟರಿನ ಮುಂದೆ ನಿಲ್ಲಿಸಿಕೊಂಡ. ಮಗು ಹಾರ್ನ್ ಒತ್ತಿ ನಕ್ಕಿತು. ಅಚ್ಚುಕಟ್ಟಾಗಿ ಮಾಸ್ಕ್ ಹಾಕಿದ್ದ, ತಗ್ಗಿದ ದನಿಯ ಮನುಷ್ಯ. ರಸ್ತೆಯಲ್ಲಿ ಎದುರಾದರೆ ನಾನು ಅವನ ಬಗ್ಗೆ ಕೆಟ್ಟದಾಗಿ ಯೋಚಿಸುತ್ತಿರಲಿಲ್ಲ.

"ಏನೇ ಇದು, ಈ ಶಾಲೇಲಿ ಟೆಸ್ಟ್ ಅಂತ ಮೆಸೇಜ್ ಬಂತು? ಜ್ವರ ಬಂದಿದ್ರೆ ಹೇಳೋದಲ್ವಾ?"

"ಈ ಅಕ್ಕಂದೇ ಕಾಟ" ಎಂದಳು ಲತಾ. "ಟೆಸ್ಟ್ ಮಾಡಿಸ್ದೆ ಇದ್ರೆ ಮೈ ಮುಟ್ಟಿ ಅಳತೆ ತಗೊಳ್ಳಲ್ಲ ಅಂದ್ರು."

ಅವನು ವನಜಕ್ಕನ ಕಡೆ ತಿರುಗಿ ನಕ್ಕ. "ಓ, ಟೈಲರ್ ಅಕ್ಕ ನೀವೇನಾ? ಅಮ್ಮಂದು ಕಂಕುಳಲ್ಲಿ ಹಿಡೀತಂತೆ."

"ಈ ಸಲ ಸಡಿಲ ಇಡ್ತೀನಿ" ಎಂದರು ವನಜಕ್ಕ.

ಆ ಕ್ಷಣದಲ್ಲಿ ಅವರು ತಾವು ಯಾರೆಂದು ಹೇಳಬಹುದಿತ್ತು. ಹೇಳಿದ್ದರೆ ಆಕೆಗೆ ಉಳಿದಿದ್ದ ಒಂದೇ ಫೋನ್ ಕರೆಯೂ ಹೋಗುತ್ತಿತ್ತು. ವನಜಕ್ಕ ಬ್ಯಾಗಿನಿಂದ ಟೇಪ್ ತೆಗೆದು, "ಈ ಕಡೆ ಬಾಮ್ಮ, ಗಂಡಸರ ಮುಂದೆ ಬೇಡ" ಎಂದು ಲತಾಳನ್ನು ಓಮ್ನಿಯ ಹಿಂದಕ್ಕೆ ಕರೆದೊಯ್ದರು. ಭುಜಕ್ಕೆ ಟೇಪ್ ಹಿಡಿದರು, ಬೆನ್ನಿಗೆ ಹಿಡಿದರು, ಮತ್ತೆ ಭುಜಕ್ಕೇ ಹಿಡಿದರು. ಎರಡು ನಿಮಿಷವಾಗಿರಬಹುದು. ಅಲ್ಲಿ ನಡೆದ ಮಾತನ್ನು ಅವರು ಆಮೇಲೆ ನನಗೆ ಹೇಳಿದರು.

"ಪೊಲೀಸ್ ಕರೀಲಾ? ಈಗ್ಲೇ ಬರ್ತಾರೆ."

"ಬೇಡಕ್ಕ. ಮಗು ಅವರ ಹತ್ರ ಇದೆ. ಪೊಲೀಸ್ ಬರೋಷ್ಟ್ರಲ್ಲಿ ಎಲ್ಲಾದ್ರೂ ಬಿಟ್ಟು ಬರ್ತಾರೆ, ಆಮೇಲೆ ನಂಗೆ ತೋರ್ಸೋದೇ ಇಲ್ಲ."

"ಮಗೂನ ವಾಪಸ್ ಕೊಡ್ಸೋಕೆ ಕಾನೂನಿದೆ."

"ಅದು ಎಷ್ಟು ದಿನಕ್ಕೆ?"

ಕೋರ್ಟುಗಳೂ ಆಗ ಅರ್ಧಂಬರ್ಧ ನಡೆಯುತ್ತಿದ್ದವು. ವನಜಕ್ಕ ಸುಳ್ಳು ಹೇಳಲಿಲ್ಲ, ಗೊತ್ತಿಲ್ಲ ಎಂದರು. ಟೇಪ್ ಹಿಡಿದಿದ್ದ ಅವರ ಕೈಯನ್ನು ಲತಾ ಒಂದು ಸಲ ಒತ್ತಿದಳಂತೆ.

ಅಷ್ಟರಲ್ಲಿ ಮೇಜಿನ ಕಡೆಯಿಂದ ಹೆಸರು ಕೂಗಿದರು. ನೆಗೆಟಿವ್.

"ನೋಡಿ, ಏನೂ ಇಲ್ಲ. ಸುಮ್ನೆ ಹೆದರ್ಸಿದ್ರಿ" ಎಂದ ಗಂಡ, ವನಜಕ್ಕನಿಗೆ. ಲತಾ ಸ್ಕೂಟರಿನ ಹಿಂದೆ ಕೂತಳು. ತರಕಾರಿ ಚೀಲವನ್ನು ತೊಡೆಯ ಮೇಲಿಟ್ಟುಕೊಂಡಳು. ತಿರುಗಿ ನೋಡಲಿಲ್ಲ. ಮಗು ಮಾತ್ರ ತಿರುವಿನವರೆಗೆ ನಮಗೆ ಕೈ ಬೀಸಿತು.

ವಾಪಸ್ ಹೊರಟೆವು. ಹತ್ತಾಗುತ್ತ ಬಂದಿತ್ತು, ಅಂಗಡಿಗಳ ಶಟರ್ ಇಳಿಯುತ್ತಿದ್ದವು. ಸೇತುವೆಯ ಮೇಲೆ ವನಜಕ್ಕ ಆಶ್ರಯ ಕೇಂದ್ರದ ಮೇಲ್ವಿಚಾರಕಿಗೆ ಫೋನ್ ಮಾಡಿದರು. "ಮೇಡಂ, ಇವತ್ತು ಆ ಹಾಸಿಗೆ ಬೇಡ. ಅವರು ಬರ್ತಿಲ್ಲ."

"ಅಯ್ಯೋ, ಪಾಸಿಟಿವ್ ಬಂತಾ?" ಎಂಬ ದನಿ ನನಗೂ ಕೇಳಿಸಿತು.

"ಇಲ್ಲ ಮೇಡಂ. ನೆಗೆಟಿವ್" ಎಂದು ಹೇಳಿ ವನಜಕ್ಕ ಫೋನ್ ಇಟ್ಟರು. ಫಯಾಜ್ ಕನ್ನಡಿಯಲ್ಲಿ ಒಮ್ಮೆ ಅವರನ್ನು ನೋಡಿ, ಗಾಡಿ ಬದಿಗೆ ಹಾಕಿ, ನೀರಿನ ಬಾಟಲಿ ಹಿಂದಕ್ಕೆ ಚಾಚಿದ. ಅವರು ಮಾಸ್ಕ್ ತೆಗೆದು ಮುಖ ತೊಳೆದುಕೊಂಡರು. ಮತ್ತೆ ಹೊರಟೆವು.

ಕೆಲವು ದಿನಗಳ ನಂತರ ವನಜಕ್ಕ ಆ ಭಾಗದ ಆಶಾ ಕಾರ್ಯಕರ್ತೆಯನ್ನು ಜ್ವರದ ಸಮೀಕ್ಷೆಯ ನೆಪದಲ್ಲಿ ಲತಾಳ ಮನೆಗೆ ಕಳಿಸಿದರು. ಜ್ವರ ಇದೆಯಾ ಎಂದರೆ ಇಲ್ಲ ಎಂದಳಂತೆ. ಬೇರೇನಾದರೂ ತೊಂದರೆ ಎಂದರೆ ಅದೂ ಇಲ್ಲವಂತೆ. ಗಂಡ ಪಕ್ಕದಲ್ಲೇ ನಿಂತಿದ್ದ. ಅದಾದ ಮೇಲೆ ಕೇಂದ್ರಕ್ಕೆ ಲತಾಳ ಫೋನ್ ಬರಲೇ ಇಲ್ಲ.

ಲಾಕ್‌ಡೌನ್ ತೆರವಾಗಿ ಬಸ್ಸುಗಳು ಶುರುವಾದ ಮೇಲೆ ವನಜಕ್ಕ, ನಾನು ಇನ್ನೊಮ್ಮೆ ಜನ್ನಾಪುರಕ್ಕೆ ಹೋದೆವು. ಮನೆಗೆ ಬೀಗ ಹಾಕಿತ್ತು, ಕಿಟಕಿಗೆ 'ಮನೆ ಬಾಡಿಗೆಗಿದೆ' ಎಂಬ ರಟ್ಟು ಕಟ್ಟಿದ್ದರು. ಎದುರಿನ ಅಂಗಡಿಯಾಕೆ, ಅವರಿಗೆ ಬೇರೆ ಊರಲ್ಲಿ ಕೆಲಸ ಸಿಕ್ಕಿತಂತೆ, ಯಾವ ಊರೆಂದು ಗೊತ್ತಿಲ್ಲ ಎಂದರು.

"ಆ ಹೆಣ್ಮಗಳು ಹೇಗಿದ್ಲು ಹೋಗುವಾಗ?" ವನಜಕ್ಕ ಕೇಳಿದರು.

"ಚೆನ್ನಾಗೇ ಇದ್ಲು. ಮೊದ್ಲೂ ಮಾತು ಕಮ್ಮಿ, ಆಮೇಲೆ ಇನ್ನೂ ಕಮ್ಮಿ. ಯಾಕ್ರೀ? ನೀವು ಅವಳಿಗೆ ಏನಾಗ್ಬೇಕು?"

ಅಷ್ಟರಲ್ಲಿ ಗಿರಾಕಿಯೊಬ್ಬರು ಬಂದರು, ಅಂಗಡಿಯಾಕೆ ಆ ಕಡೆ ತಿರುಗಿದರು. ಬಸ್ಸು ಬಂತು. ತುಂಬಿತ್ತು. ಶಿವಮೊಗ್ಗದವರೆಗೂ ನಿಂತೇ ಬಂದೆವು.