ಗುಡ್ಡ ತಪ್ಪಿದ ದಿನದ ಕಾರ್ಡು

ನಾನಿದ್ದ ಕಿಂಗ್ಸ್‌ಬರಿಯಿಂದ ಗೆಳತಿಯಿದ್ದ ಗ್ರೀನ್‌ಫರ್ಡಿಗೆ ಬಸ್ಸು ಹಿಡಿದರೆ ಹೆಚ್ಚೆಂದರೆ ಒಂದು ತಾಸು. ಅಷ್ಟು ಹತ್ತಿರದ ಗೆಳತಿಗೆ ಪೋಸ್ಟ್‌ಕಾರ್ಡು ಬರೆಯುವ ಹುಚ್ಚಿ ಇಡೀ ಲಂಡನ್ನಿನಲ್ಲಿ ನಾನೊಬ್ಬಳೇ ಇದ್ದೆನೇನೋ. ಅವಳು ಗೋದಾಮಿನಲ್ಲಿ ಪ್ಯಾಕಿಂಗ್ ಕೆಲಸ ಮಾಡುತ್ತಿದ್ದಳು. ನಸುಕಿನಲ್ಲಿ ಎದ್ದು ಹೋಗುವವಳು, ಸಂಜೆಯಾದರೆ ತೂಕಡಿಸುವವಳು. ನಾನು ಕೌನ್ಸಿಲ್ ಆಫೀಸಿನಿಂದ ಬಂದು, ಅಡುಗೆ ಮುಗಿಸಿ, ಫೋನ್ ಹಿಡಿಯುವ ಹೊತ್ತಿಗೆ ಅವಳು ಮಲಗಿಬಿಟ್ಟಿರುತ್ತಿದ್ದಳು. ಹಾಗಾಗಿ ಊಟದ ಬಿಡುವಿನಲ್ಲಿ ಕಾರ್ಡು ಗೀಚಿ, ಸ್ಟೇಷನ್ನಿನ ಹತ್ತಿರದ ಕೆಂಪು ಡಬ್ಬಿಗೆ ಹಾಕುತ್ತಿದ್ದೆ. ಮರುದಿನ ಅವಳಿಗೆ ಮುಟ್ಟುತ್ತಿತ್ತು.

ಕಾರ್ಡೆಂದರೆ ತೆರೆದ ಬಾಗಿಲು, ಯಾರು ಬೇಕಾದರೂ ಓದಬಹುದು. ಆದರೆ ಆ ಊರಿನಲ್ಲಿ ಕನ್ನಡದಲ್ಲಿ ಬರೆದರೆ ಲಕೋಟೆಯೇ ಬೇಕಿರಲಿಲ್ಲ. ಪೋಸ್ಟ್‌ಮ್ಯಾನ್ ನಮ್ಮ ಅಕ್ಷರವನ್ನು ತಲೆಕೆಳಗು ಹಿಡಿದರೂ ಒಂದೇ, ನೆಟ್ಟಗೆ ಹಿಡಿದರೂ ಒಂದೇ. ಆ ಧೈರ್ಯದಲ್ಲಿ ನಾನು ಬರೆಯಬಾರದ್ದನ್ನೂ ಬರೆದೆ.

ಕಾರ್ಡುಗಳನ್ನು ಕೊಂಡದ್ದು ಒಂದು ಪ್ರವಾಸದಲ್ಲಿ. ತೊಂಬತ್ತರ ದಶಕ ಮುಗಿಯುತ್ತ ಬಂದಿತ್ತು. ಆಗಸ್ಟ್ ತಿಂಗಳ ರಜೆಯ ಸೋಮವಾರ ನಾವು ಗಂಡಹೆಂಡತಿ, ಅವರು ಗಂಡಹೆಂಡತಿ, ಜೊತೆಗೆ ನಮ್ಮ ಮನೆಯಲ್ಲೇ ಇದ್ದ ನನ್ನ ಅತ್ತೆ, ಬಾಡಿಗೆ ಕಾರಿನಲ್ಲಿ ಕಾಟ್ಸ್‌ವೋಲ್ಡ್ಸ್ ಹಳ್ಳಿಗಳ ಕಡೆ ಹೊರಟೆವು. ಆಫೀಸಿನಲ್ಲಿ ನನ್ನ ಮೇಜಿನೆದುರಿಗೆ ಒಂದು ಕ್ಯಾಲೆಂಡರು ತೂಗುತ್ತಿತ್ತು. ಅದರಲ್ಲಿ ಹಸಿರು ಗುಡ್ಡ, ಗುಡ್ಡದ ನೆತ್ತಿಯ ಮೇಲೆ ಒಂದು ಕಲ್ಲಿನ ಗೋಪುರ. ತಿಂಗಳು ಮುಗಿದರೂ ಆ ಹಾಳೆಯನ್ನು ನಾನು ತಿರುವಿರಲಿಲ್ಲ. ಆ ಗುಡ್ಡ ಹತ್ತಬೇಕು ಎಂಬುದೊಂದೇ ನನ್ನ ಆಸೆ.

ಅತ್ತೆ ಬೆಳಗಾವಿ ಕಡೆಯವರು, ಆ ಕಾಲದಲ್ಲೇ ಏಳನೆಯ ತರಗತಿಯ ಮುಲ್ಕಿ ಪರೀಕ್ಷೆ ಪಾಸಾದವರು, ಕಂಡದ್ದನ್ನೆಲ್ಲ ಕೇಳಿ ತಿಳಿದುಕೊಳ್ಳುವವರು. ಹೊಲದಲ್ಲಿ ಕುರಿಗಳನ್ನು ಕಂಡರು, ಕಾರು ನಿಲ್ಲಿಸಿದರು. "ಇಷ್ಟೊಂದು ಕುರಿ ಅದಾವ, ಕಾಯಾವ್ರು ಯಾರೂ ಇಲ್ಲಲ್ಲ!" ಕುರಿಗಳ ಬೆನ್ನಿಗೆ ನೀಲಿ ಬಣ್ಣ ಬಳಿದದ್ದು ಯಾಕೆ ಎಂದು ಮತ್ತೆ ನಿಲ್ಲಿಸಿದರು. ಗಾರೆಯಿಲ್ಲದೆ ಬರೀ ಕಲ್ಲು ಪೇರಿಸಿ ಕಟ್ಟಿದ ಗೋಡೆಯನ್ನು ಇಳಿದು ಮುಟ್ಟಿ ನೋಡಿದರು. ಮಧ್ಯಾಹ್ನ ಒಂದು ಹಳೆಯ ಚರ್ಚಿನ ಅಂಗಳದ ಬೆಂಚಿನ ಮೇಲೆ ಬುತ್ತಿ ಬಿಚ್ಚಿದೆವು. ರೊಟ್ಟಿ, ಶೇಂಗಾ ಚಟ್ನಿ, ಮೊಸರನ್ನ. ಅರ್ಧ ಊಟವಾದ ಮೇಲೆ ಅತ್ತೆಗೆ ಹುಲ್ಲಿನಲ್ಲಿ ವಾಲಿ ನಿಂತಿದ್ದ ಕಲ್ಲುಗಳು ಕಂಡವು. "ಅಯ್ಯ, ಗೋರಿ ನಡುವ ಊಟಕ್ಕ ಕುಂತೀವಿ!" ಅಲ್ಲಿಗೆ ಊಟ ಮುಗಿಯಿತು. ಹಳ್ಳಿಯ ಹಳ್ಳ ಹುಡುಕಿ, ಎಲ್ಲರೂ ಕೈಕಾಲು ತೊಳೆದುಕೊಂಡು, ತಲೆಗೆ ನೀರು ಚಿಮುಕಿಸಿಕೊಂಡ ಮೇಲೆಯೇ ಅತ್ತೆ ಕಾರು ಹತ್ತಿದ್ದು. ಬಾತುಕೋಳಿಗಳಿಗೆ ಬ್ರೆಡ್ಡು ಹಾಕುತ್ತಿದ್ದ ಬಿಳಿಯ ಅಜ್ಜಿಯೊಬ್ಬಳು ನಮ್ಮನ್ನು ನೋಡುತ್ತಲೇ ಇದ್ದಳು. ಗೆಳತಿ ನಕ್ಕೂ ನಕ್ಕೂ ಹೊಟ್ಟೆ ಹಿಡಿದುಕೊಂಡಳು. ನನಗೆ ನಗು ಬರಲಿಲ್ಲ.

ಅದೇ ಹಳ್ಳಿಯ ಅಂಚೆ ಅಂಗಡಿಯಲ್ಲಿ ನಾನೂ ಗೆಳತಿಯೂ ಕಾರ್ಡಿನ ಕಟ್ಟೊಂದನ್ನು ಕೊಂಡು ಸಮನಾಗಿ ಹಂಚಿಕೊಂಡೆವು. ಗುಡ್ಡದ ಬುಡಕ್ಕೆ ಬಂದಾಗ ಹೊತ್ತು ಇಳಿದಿತ್ತು, ಗೋಪುರದ ಬಾಗಿಲು ಹಾಕಿಯಾಗಿತ್ತು. "ಇನ್ನೇನು, ಮುಂದಿನ ಸಲ" ಎಂದು ನನ್ನ ಗಂಡ ಕಾರು ತಿರುಗಿಸಿದರು. ನಾನು ಕಿಟಕಿಯ ಕಡೆ ಮುಖ ಮಾಡಿ ಕೂತೆ. ಲಂಡನ್ ಬರುವವರೆಗೂ ತುಟಿ ಬಿಚ್ಚಲಿಲ್ಲ.

ನನಗೆ ಮೂಗಿನ ತುದಿಯಲ್ಲೇ ಸಿಟ್ಟು. ಮರುದಿನ ಆಫೀಸಿನಲ್ಲಿ ಕೂತು ಮೊದಲನೆಯ ಕಾರ್ಡು ಬರೆದೆ. ಅದರ ಮೇಲೆ ಆ ಹಳ್ಳಿಯದೇ ಚಿತ್ರವಿತ್ತು. ಹಿಂದೆ ಬರೆದದ್ದು ನನಗೆ ಇವತ್ತಿಗೂ ಬಾಯಿಪಾಠ. "ಅತ್ತಿ ಬರದಿದ್ರ ಗುಡ್ಡ ಹತ್ತತಿದ್ವಿ. ಅವರನ್ನ ಕರಕೊಂಡು ಹೋಗೂದಂದ್ರ ಕಾಲಿಗೆ ಕಲ್ಲು ಕಟ್ಟಿಕೊಂಡು ನಡದಂಗ. ಮುಂದಿನ ಸಲ ಮನ್ಯಾಗ ಬಿಟ್ಟು ಹೋಗೂಣು." ಆಮೇಲೂ ಎರಡು ಕಾರ್ಡಿನಲ್ಲಿ ಅವರ ಮೇಲೆ ಹೊಟ್ಟೆಯೊಳಗಿನದನ್ನೆಲ್ಲ ಕಾರಿಕೊಂಡೆ. ಉಳಿದವೆಲ್ಲ ಅಡುಗೆ, ಚಳಿ, ಜಿಪಿ ಡಾಕ್ಟರ ಹತ್ತಿರ ಕಾದು ಕೂತ ಕತೆ. ಗೆಳತಿಯ ಉತ್ತರ ಮಾತ್ರ ಯಾವಾಗಲೂ ಎರಡೇ ಸಾಲು, ಅದೂ ಇಂಗ್ಲಿಷ್ ಅಕ್ಷರದಲ್ಲಿ ಬರೆದ ಕನ್ನಡ. ಮುಂಬೈಯಲ್ಲಿ ಬೆಳೆದವಳ ಸೊಕ್ಕು ಎಂದು ಒಳಗೊಳಗೇ ಬೈದುಕೊಂಡಿದ್ದೆ.

ವರ್ಷಗಳು ಕಳೆದವು. ಮೊಬೈಲು ಬಂತು, ಕಾರ್ಡು ನಿಂತಿತು. ನಮ್ಮವರೆಲ್ಲ ಸೇರಿ ಶನಿವಾರ ಒಂದು ಬಾಡಿಗೆ ಹಾಲ್‌ನಲ್ಲಿ ಮಕ್ಕಳಿಗೆ ಕನ್ನಡ ಕಲಿಸಲು ಶುರು ಮಾಡಿದರು. ಒಂದು ಶನಿವಾರ ನಾನು ಅಲ್ಲಿಗೆ ಹೋದರೆ ಗೆಳತಿ ಹಿಂದಿನ ಬೆಂಚಿನಲ್ಲಿ, ಮಗಳ ಪಕ್ಕ ಕೂತು, ನಾಲಿಗೆ ಕಚ್ಚಿಕೊಂಡು ಅ ಆ ಇ ಈ ತಿದ್ದುತ್ತಿದ್ದಳು.

"ಇದೇನ ನೀ?" ಎಂದೆ.

"ನಗಬ್ಯಾಡ ಮತ್ತ. ನನಗ ಕನ್ನಡ ಓದಾಕ ಬರೂದಿಲ್ಲ. ಮಾತು ಮನ್ಯಾಗಿಂದು, ಸಾಲಿ ಮರಾಠಿದು."

ಯುಗಾದಿಯ ಕೂಟದಲ್ಲಿ ಹಾಡಿನ ಚೀಟಿ ಹಿಡಿದು ಇವಳು ಸುಮ್ಮನೆ ಬಾಯಾಡಿಸುತ್ತಿದ್ದದ್ದು ಆಗ ನೆನಪಾಯಿತು.

"ಮತ್ತ ನನ್ನ ಕಾರ್ಡು?"

"ನಿಮ್ಮ ಅತ್ತಿ ಓದಿ ಹೇಳತಿದ್ರು. ಮಂಗಳವಾರ ನನಗ ಸೂಟಿ, ಕಾಯಿಪಲ್ಯೆ ತಗೊಳ್ಳಾಕ ನಿಮ್ಮ ಕಡೆ ಬರತಿದ್ನೆಲ್ಲ, ಚೀಲದಾಗ ಹಾಕ್ಕೊಂಡು ಬರತಿದ್ದೆ. ಯಾರಿಗೂ ಹೇಳಬ್ಯಾಡ್ರಿ ಅಂತ ಆಣಿ ಹಾಕಿಸಿದ್ದೆ."

ನಾನು ಆಫೀಸಿನಲ್ಲಿದ್ದ ಹೊತ್ತು, ನನ್ನದೇ ಮನೆಯಲ್ಲಿ, ನನ್ನದೇ ಕಾರ್ಡು, ಅತ್ತೆಯದೇ ಬಾಯಿಂದ. ಗೆಳತಿ ತನ್ನ ಪಾಡಿಗೆ ಮಾತಾಡುತ್ತಲೇ ಇದ್ದಳು. "ಟ್ರಿಪ್ಪಿಂದ ಬಂದ ಮ್ಯಾಲೆ ಬರದಿದ್ದೆಲ್ಲ, ಗುಡ್ಡ ತಪ್ಪಿದ್ರೇನಾತು, ಅತ್ತಿ ಕೂಡ ಇದ್ರಲ್ಲ, ಅದಕ್ಕs ಟ್ರಿಪ್ ಚಂದ ಆತು ಅಂತ. ನನಗ ಕಣ್ಣಾಗ ನೀರs ಬಂದ್ವು. ಎಂಥಾ ಸೊಸಿ ಅನಿಸಿತು. ಆ ಕಾರ್ಡ್ ನಿಮ್ಮ ಅತ್ತಿಯವರಿಗೆ ಭಾಳ ಸೇರಿತ್ತು. ಚಿತ್ರ ಚಂದ ಅದ, ನನಗ ಕೊಡು ಅಂತ ಇಸಕೊಂಡ್ರು. ಇನ್ನೂ ಎರಡು ಇಸಕೊಂಡ್ರು. ಉಳಿದವು ನನ್ನ ಹತ್ರನs ಅದಾವ. ಅಕ್ಷರ ಕಲತ ಮ್ಯಾಲೆ ನಾನs ಓದಬೇಕು."

ಸಿಟ್ಟಿನಲ್ಲಿ ಕೊಯ್ದ ಮೂಗು ಶಾಂತವಾದ ಮೇಲೆ ಬರುವುದಿಲ್ಲ ಎನ್ನುತ್ತಾರೆ. ನಾನು ಕೊಯ್ದದ್ದನ್ನು ಕೊಯ್ಯಿಸಿಕೊಂಡವರೇ ಇಷ್ಟು ವರ್ಷ ಸೆರಗಿನಲ್ಲಿ ಮುಚ್ಚಿಟ್ಟಿದ್ದರು. ಮನೆಗೆ ಹೇಗೆ ಬಂದೆನೋ ತಿಳಿಯದು. ಅತ್ತೆ ಅಡುಗೆಮನೆಯ ಮೇಜಿನ ಮೇಲೆ ಮೆಂತ್ಯದ ಸೊಪ್ಪು ಸೋಸುತ್ತಿದ್ದರು. ನಾನು ಕೋಟು ಕೂಡ ತೆಗೆಯದೆ ಅವರೆದುರಿಗೆ ಕೂತೆ.

"ಅತ್ತೀ, ನನ್ನ ಕಾರ್ಡು ನೀವು ಓದಿದ್ರಿ?"

ಅವರು ಕೈ ನಿಲ್ಲಿಸಲಿಲ್ಲ. "ಹೇಳಿಬಿಟ್ಟಳೇನು ಅಕಿ? ನಾ ಅಂತೂ ಹೇಳಿಲ್ಲ ನೋಡವಾ."

"ನನ್ನ ತಪ್ಪಾತ್ರಿ."

"ಗುಡ್ಡ ಹತ್ತೂದಿತ್ತು ಅಂತ ಅವತ್ತು ಒಂದು ಮಾತು ನನಗ ಹೇಳಿದ್ದರ, ನಾ ಕುರಿ ನೋಡಕೋತ ನಿಲ್ಲತಿದ್ದಿಲ್ಲ. ಬಾಯಿ ಬಿಡಲಿಲ್ಲ ನೀ. ಕಾರ್ಡಿಗೆ ಹೇಳಿದಿ."

ನಾನೂ ಒಂದು ಹಿಡಿ ಸೊಪ್ಪು ಮುಂದಕ್ಕೆ ಎಳೆದುಕೊಂಡೆ. ಎಲೆ ಬಿಡಿಸುತ್ತ ಕೇಳಿದೆ, "ಮತ್ತ ಯಾಕ ಬೈಲಿಲ್ಲ ನನಗ? ಅಕಿ ಮುಂದ ಬ್ಯಾರೇನs ಯಾಕ ಓದಿದ್ರಿ?"

"ಇದ್ದದ್ದು ಇದ್ದಂಗ ಓದಿದ್ದರ ಅಕಿ ಮುಂದ ನೀ ಸಣ್ಣಾಕಿ ಆಗತಿದ್ದಿ," ಎಂದರು ಅತ್ತೆ. "ನನ್ನ ಮನಿ ಸೊಸಿ ನೀ."

ಕಾಲಿಗೆ ಕಟ್ಟಿದ ಕಲ್ಲು ಎಂದು ನಾನು ಬರೆದದ್ದು ಇವರ ಬಗ್ಗೆ. ಅದನ್ನು ಕನ್ನಡಕ ಹಾಕಿಕೊಂಡು ಓದಿ, ನುಂಗಿ, ಆ ಕ್ಷಣದಲ್ಲೇ ನನ್ನ ಮಾನಕ್ಕೆ ಬೇಕಾದ ಮಾತನ್ನು ಹೊಸದಾಗಿ ಕಟ್ಟಿ ಹೇಳಿದ್ದರು. ಆಮೇಲೆ ಸಂಜೆ ನಾನು ಆಫೀಸಿನಿಂದ ಬಂದಾಗ ಎಂದಿನಂತೆ ಚಹಾ ಕೊಟ್ಟಿದ್ದರು. ನಾನು ಮೇಜಿನ ಮೇಲೆ ತಲೆಯಿಟ್ಟು ಅತ್ತುಬಿಟ್ಟೆ. ಮದುವೆಯಾಗಿ ಬಂದ ಮೇಲೆ ಅವರೆದುರಿಗೆ ನಾನು ಅತ್ತದ್ದು ಅದೇ ಮೊದಲು.

ಅತ್ತೆ ಸೊಪ್ಪಿನ ಕೈಯನ್ನು ಸೀರೆಗೆ ಒರೆಸಿಕೊಂಡು ನನ್ನ ಬೆನ್ನು ಸವರಿದರು.

"ಸಾಕು, ಕಣ್ಣು ಒರಸ್ಕೋ. ನನ್ನ ಮಗ ಬರೂ ಹೊತ್ತಾತು. ನಾನs ನಿನಗ ಏನೋ ಅಂದೀನಿ ಅನಕೋತಾನ."