ರಾಶಿಯ ತಳಕ್ಕೆ ಕೈ ಹಾಕುವ ಜಯತ್ತೆ

ಗೆಳೆಯರೇ, ಹಾರೋಹಳ್ಳಿಯ ನಮ್ಮ ರೇಷ್ಮೆ ನೂಲಿನ ಕಾರ್ಖಾನೆಗೆ ಇವತ್ತು ಎರಡು ಕಂಪನಿಯವರು ಬಂದಿದ್ದರು. ಯಾವ ನೂಲು ಯಾವ ರೈತನ ಗೂಡಿನದು ಎಂಬ ನಮ್ಮ ದಾಖಲೆಯನ್ನೆಲ್ಲ ಕ್ಲೌಡ್ ಡೇಟಾಬೇಸಿನಲ್ಲಿಟ್ಟು ತಾವೇ ನೋಡಿಕೊಳ್ಳುತ್ತೇವೆ ಎಂದರು ಇಬ್ಬರೂ. ಇಬ್ಬರ ಸ್ಲೈಡೂ ಚೆನ್ನಾಗಿತ್ತು. ನಾನು ಸುಮ್ಮನೆ ತಲೆಯಾಡಿಸುತ್ತಿದ್ದೆ.

ಮೂವತ್ತು ವರ್ಷದಿಂದ ಮಾರ್ಕೆಟ್ಟಿನಲ್ಲಿ ನಮಗೆ ಗೂಡು ಆರಿಸಿ ತರುವ ನನ್ನ ಸೋದರತ್ತೆ ಜಯಮ್ಮ ಬಾಯಿ ತೆರೆದರು. "ರಾಶಿ ಮೇಲಿನ ಗೂಡು ಎಲ್ಲಾರ್ದೂ ಚೆಂದಾಗೇ ಇರ್ತದೆ ಕಣಪ್ಪ. ನಾನು ತಳಕ್ಕೆ ಕೈ ಹಾಕಿ ತಗ್ದು ನೋಡ್ತೀನಿ. ಈಗ ಒಂದು ಪಟ್ಟಿ ಅಳಿಸ್ಬುಟ್ಟು, ವಾಪಸ್ ತಂದು ತೋರ್ಸಿ."

"ಬ್ಯಾಕಪ್ ದಿನಾ ಆಗುತ್ತಮ್ಮ" ಎಂದ ಮೊದಲನೆಯವನು.

"ಆಗ್ತದೆ ಅಂತೀಯಲ್ಲ, ತಂದು ತೋರ್ಸು."

ಅವನು ಆಫೀಸಿಗೆ ಫೋನ್ ಮಾಡಲು ಹೊರಗೆ ಹೋದ. ಇನ್ನೊಂದು ಕಂಪನಿಯ ಹುಡುಗಿ, ನಾವು ಪರೀಕ್ಷೆಗೆಂದು ಕೊಟ್ಟಿದ್ದ ಕುದೂರಿನ ರೈತರ ಪಟ್ಟಿಯನ್ನು ನಮ್ಮೆದುರೇ ಅಳಿಸಿ, ಹತ್ತು ನಿಮಿಷದಲ್ಲಿ ಮರಳಿ ತಂದಳು. ಅತ್ತೆ ಮೇಲಿನ ಹೆಸರುಗಳನ್ನು ನೋಡಲೇ ಇಲ್ಲ. ಕಟ್ಟಕಡೆಯ ಹೆಸರನ್ನು ಓದಿಸಿ, "ಇವಳಿಗೇ ಕೊಡು" ಎಂದರು.

ಎಂಬಿಎ ಓದಿದ ನಾನು ಕೇಳಬೇಕೆಂದು ಹದಿನೆಂಟು ಪ್ರಶ್ನೆ ಬರೆದುಕೊಂಡಿದ್ದೆ. ಆ ಹಾಳೆಯಲ್ಲಿ ಅತ್ತೆ ಎಲೆ ಅಡಿಕೆ ಸುತ್ತಿಕೊಂಡು ಹೋದರು.