ಕಿಟಕಿ ತೆಗೆದವನು

ವಿನಯಾ, ಆ ಕಿಟಕಿ ತೆಗೆದವನು ನಾನು. ಮಿಷನ್ ಬಂದ್ ಮಾಡಿದವನೂ ನಾನೇ.

ಮಣಿಪಾಲದ ಇಳಿಜಾರಿನ ನಮ್ಮ ಮನೆಯ ಕೆಳಗಿನ ಕೋಣೆ, ನೀನು ಸೊಸೆಯಾಗಿ ಬರುವ ತನಕ, ಬೂಷ್ಟು ಹಿಡಿದ ಗುಜರಿ ಕೋಣೆ. ತೇವ ಹೀರುವ ಮಿಷನ್ ತಂದು, ಗೋಡೆಗೆ ತೇವದ ಮೀಟರ್ ಹಾಕಿ, ದಿನಾ ಬೆಳಿಗ್ಗೆ ಮಿಷನ್ನಿನ ನೀರು ಚೆಲ್ಲಿ ಕೆಲಸಕ್ಕೆ ಹೋದವಳು ನೀನು. ಅದಕ್ಕೇ ಉಚ್ಚಿಲದ ನನ್ನ ಅಕ್ಕ, ತೀರಿಕೊಂಡ ಭಾವನ ಹಾರ್ಮೋನಿಯಂ ಕಡಲ ಬದಿಯ ಉಪ್ಪುಗಾಳಿಗೆ ತುಕ್ಕು ಹಿಡಿಯದಿರಲೆಂದು ಇಲ್ಲಿಗೆ ತಂದಳು. ತಂದು ನಿನ್ನ ಕೈಗೆ ಒಪ್ಪಿಸಿದಳು — ನನ್ನ ಕೈಗಲ್ಲ. ಅದು ನನ್ನನ್ನು ಚುಚ್ಚಿತು.

“ಮಾವ, ಮಳೆ ಮುಗಿಯುವವರೆಗೆ ಕಿಟಕಿ ಮಾತ್ರ ತೆಗೀಬೇಡಿ. ಹೊರಗಿನ ಗಾಳಿಯಲ್ಲೇ ನೀರುಂಟು” ಎಂದಿದ್ದೆ ನೀನು. ಗಾಳಿಯಾಡದೆ ಕೋಣೆ ಒಣಗುವುದುಂಟೇ? ನನಗೇ ಕಲಿಸುವುದೇ? ನೀನು ಗೇಟು ದಾಟಿದ ಕೂಡಲೇ ನಾನು ಮಿಷನ್ ನಿಲ್ಲಿಸಿ ಕಿಟಕಿ ತೆಗೆಯುತ್ತಿದ್ದೆ. ಸಂಜೆ ನೀನು ಬರುವ ಮೊದಲು ಮುಚ್ಚುತ್ತಿದ್ದೆ. ಮಳೆ ಬಿಡದ ಆಟಿ ತಿಂಗಳಿಡೀ ಹೀಗೆ. ಮೀಟರಿನ ಅಂಕೆ ಏರುತ್ತಲೇ ಇತ್ತು. ಮೀಟರೇ ಸುಳ್ಳು ಎಂದುಕೊಂಡೆ — ಇಲ್ಲ, ನನಗೆ ಗೊತ್ತಿತ್ತು. ಸೋಲಲು ಮನಸ್ಸಿರಲಿಲ್ಲ. ಮಿಷನ್ ಹಾಳಾಗಿದೆಯೆಂದು ನೀನು ರಿಪೇರಿಯವನನ್ನು ಕರೆಸಿದೆ. ನಾನು ಅವನಿಗೆ ಚಾ ಕೊಟ್ಟೆ.

ಭಾವನ ನೆನಪಿನ ಭಜನೆಗೆ ಹಾರ್ಮೋನಿಯಂ ಒಯ್ಯಲು ಬಂದ ಅಕ್ಕ ಪೆಟ್ಟಿಗೆ ತೆರೆದಳು. ತಿದಿಯ ತುಂಬ ಬಿಳಿ ಬೂಷ್ಟು, ಅಂಟು ಬಿಟ್ಟಿತ್ತು. ಅಕ್ಕ ಒತ್ತಿದ ಸ್ವರದ ಮನೆ ಮೇಲೇಳಲಿಲ್ಲ. ಭಾವನ ಬೆರಳು ಸವೆಸಿದ ಮನೆಗಳವು...

“ಎಂತ ಮಾರಾಯ ಇದು?”

“ನನ್ನನ್ನು ಕೇಳ್ಬೇಡ ಅಕ್ಕ. ಕರೆಂಟ್ ಬಿಲ್ ಬರ್ತದೆ ಅಂತ ಇವಳೇ ಮಿಷನ್ ಬಂದ್ ಮಾಡಿ ಹೋಗ್ತಾಳೆ.”

ಎಷ್ಟು ಸಲೀಸಾಗಿ ಬಂತು ಆ ಮಾತು! ಅಕ್ಕ ನಿನ್ನ ಕಡೆ ತಿರುಗಿದಳು. “ಸತ್ತವರ ಪೆಟ್ಟಿಗೆ ಅಲ್ವಾ, ಹಾಳಾದರೆ ನಿನಗೆ ಎಂತ? ಕರೆಂಟ್ ಉಳೀತಲ್ಲ, ಅದನ್ನೇ ಕಟ್ಟಿಟ್ಟುಕೋ.”

ಅಕ್ಕ ಹೋದ ಮೇಲೆ ನೀನು ನನ್ನ ಕನ್ನಡಕ ತಂದು ಮೇಜಿನ ಮೇಲಿಟ್ಟೆ.

“ಕೆಳಗೆ ಕಿಟಕಿಯಲ್ಲಿತ್ತು, ಮಾವ.”

ಅಷ್ಟೇ. ಮೂರು ವರ್ಷಗಳಿಂದ ನೀನು ಹೇಳಿದ್ದು ಅಷ್ಟೇ.

ಉಚ್ಚಿಲದ ಶನಿವಾರದ ಭಜನೆಗೆ ಅಕ್ಕ ನಿನ್ನನ್ನು ಮತ್ತೆ ಕರೆಯಲಿಲ್ಲ. ಮೊದಲ ಹಾಡು ನಿನ್ನದೇ ಆಗಿತ್ತು, ಅಲ್ಲವೇ? ಈಗ ಮನೆಯಲ್ಲೂ ನೀನು ಹಾಡುವುದಿಲ್ಲ. ಕೆಳಗಿನ ಕೋಣೆಯ ನೀರು ಮಾತ್ರ ದಿನಾ ಚೆಲ್ಲುತ್ತೀ — ಚೆಲ್ಲುವ ಸದ್ದು ಕೇಳುತ್ತಾ ನಾನು ಮೇಲೆ ಸುಮ್ಮನೆ ಕುಳಿತಿರುತ್ತೇನೆ.

ಕ್ಷಮೆ ಕೇಳಲು ಇದನ್ನು ಬರೆಯುತ್ತಿಲ್ಲ. ಅಕ್ಕನಿಗೆ ಎಂಬತ್ತು ದಾಟಿದೆ, ಇನ್ನು ತಡ ಮಾಡಲಾರೆ. ಈ ಶನಿವಾರ ಉಚ್ಚಿಲಕ್ಕೆ ಹೋಗುತ್ತೇನೆ. ಭಜನೆ ಶುರುವಾಗುವ ಮೊದಲು, ಎಲ್ಲರೂ ಕುಳಿತಿರುವಾಗ ಹೇಳುತ್ತೇನೆ — ಅದೇ ಕನ್ನಡಕ ಹಾಕಿಕೊಂಡು, ಅಕ್ಕನ ಮುಖ ನೋಡಿಕೊಂಡು.